ಬಾಚಣಿಗೆಗೆ ಬಂದ ಕೂದಲು

ತಲೆ ಬಾಚುವಾಗ ಕೈಗೆ ಬಂದ ಕೂದಲಿನ ಉಂಡೆಯನ್ನು ಕಂಡು ಮನಸ್ಸು ಅಳುಕದ ಗೃಹಿಣಿಯರು ವಿರಳ. ಅಳುಕಿನ ಬೆನ್ನಿಗೇ ಕಾರಣದ ಹುಡುಕಾಟವೂ ಮೊದಲಾಗುವುದು. ಒಬ್ಬರು ನೀರನ್ನು ದೂರುವರು, ಇನ್ನೊಬ್ಬರು ಎಣ್ಣೆಯನ್ನು ದೂರುವರು. ಸಂಡೂರಿನ ಬೆಟ್ಟಗಳಲ್ಲಿ, 1977ರಲ್ಲಿ ಕಬ್ಬಿಣದ ಅದಿರಿನ ಗಣಿ ಪ್ರಾರಂಭವಾದ ದೋಣಿಮಲೈಯಂಥ ಊರಿಗೆ ಸಂಸಾರ ಹೂಡಲು ಬಂದವರು ಅಲ್ಲಿಯ ಕೆಂಪು ಧೂಳನ್ನು ಶಂಕಿಸುವುದೂ ಸಹಜವೇ. ಆದರೆ ಉದುರುವ ಕೂದಲಿಗೆ ಕಾರಣವು ಅನೇಕ ವೇಳೆ ಇಂದಿನ ನೀರಿನಲ್ಲಿಯೂ ಇಲ್ಲ, ನಿನ್ನೆಯ ಧೂಳಿನಲ್ಲಿಯೂ ಇಲ್ಲ. ಎರಡು ಮೂರು ತಿಂಗಳ ಹಿಂದೆ ದೇಹದಲ್ಲಿ ನಡೆದುಹೋದ ಸಂಗತಿಯಲ್ಲಿರುವುದು. ಇದನ್ನು ತಿಳಿಯಬೇಕಾದರೆ ಕೂದಲು ಬೆಳೆಯುವ ಕ್ರಮವನ್ನು ಮೊದಲು ತಿಳಿಯಬೇಕು.

ನಮ್ಮ ಕಣ್ಣಿಗೆ ಕಾಣುವ ಕೂದಲು ಉಗುರಿನಂತೆ ನಿರ್ಜೀವ ವಸ್ತು. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ಈ ಬೇರು ಒಂದೇ ಸಮನೆ ದುಡಿಯುವುದಿಲ್ಲ. ಅದಕ್ಕೆ ಮೂರು ಅವಸ್ಥೆಗಳುಂಟು. ಮೊದಲನೆಯದು ಬೆಳೆಯುವ ಕಾಲ. ತಲೆಯ ಕೂದಲಿಗೆ ಇದು ಎರಡರಿಂದ ಆರು ವರ್ಷಗಳಷ್ಟು ದೀರ್ಘವಾದುದು. ಎರಡನೆಯದು ಎರಡು ಮೂರು ವಾರಗಳ ಸಂಧಿಕಾಲ. ಮೂರನೆಯದು ಸುಮಾರು ಮೂರು ತಿಂಗಳ ವಿಶ್ರಾಂತಿ. ವಿಶ್ರಾಂತಿ ಮುಗಿಯುವಾಗ ಹಳೆಯ ಕೂದಲು ಸಡಿಲಿ ಬೀಳುವುದು, ಅದೇ ಕುಳಿಯಿಂದ ಹೊಸದು ಮೇಲೇಳುವುದು. ಈ ಅವಸ್ಥೆಗಳಿಗೆ ಇಂದಿಗೂ ಬಳಕೆಯಲ್ಲಿರುವ ಶಾಸ್ತ್ರೀಯ ಹೆಸರುಗಳನ್ನು 1926ರಲ್ಲಿ ಡ್ರೈ ಎಂಬ ವಿಜ್ಞಾನಿಯು ಇಲಿಯ ಕೂದಲನ್ನು ಪರೀಕ್ಷಿಸಿ ಕೊಟ್ಟನು. ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವ ಕೂದಲು ಆರು ವರ್ಷ ಬೆಳೆದರೆ ಮೂರು ಅಡಿಯಾಗುವುದು. ಎರಡೇ ವರ್ಷಕ್ಕೆ ನಿಂತರೆ ಒಂದು ಅಡಿ. ಒಬ್ಬಳ ಹೆರಳು ಸೊಂಟ ಮುಟ್ಟುವುದಕ್ಕೂ, ಇನ್ನೊಬ್ಬಳದು ಭುಜದಲ್ಲೇ ನಿಲ್ಲುವುದಕ್ಕೂ ಹುಟ್ಟಿನಿಂದ ಬಂದ ಈ ಕಾಲದ ಅಂತರವೇ ಮುಖ್ಯ ಕಾರಣ.

ಈಗ ಮನೆವಾರ್ತೆಯ ಲೆಕ್ಕವನ್ನು ಮಾಡೋಣ. ತಲೆಯಲ್ಲಿರುವ ಕೂದಲು ಸುಮಾರು ಒಂದು ಲಕ್ಷ. ಅದರಲ್ಲಿ ಹತ್ತರಲ್ಲೊಂದು ಪಾಲು, ಎಂದರೆ 10,000 ಕೂದಲು, ವಿಶ್ರಾಂತಿಯಲ್ಲಿರುವುವು. ವಿಶ್ರಾಂತಿಯ ಅವಧಿಯನ್ನು 100 ದಿನಗಳೆಂದು ಹಿಡಿದರೆ ದಿನವೊಂದಕ್ಕೆ 100 ಕೂದಲು ಬೀಳಲೇಬೇಕು. ಬಿದ್ದ ಕೂದಲಿನ ತುದಿಯಲ್ಲಿ ಬಿಳಿಯ ಗುಂಡೊಂದನ್ನು ಕಂಡು ‘ಬೇರುಸಹಿತ ಕಿತ್ತುಬಂತು’ ಎಂದು ಹೆದರುವುದುಂಟು. ಅದು ಬೇರಲ್ಲ, ಕೆಲಸ ಮುಗಿಸಿದ ಕೂದಲಿನ ಬುಡ. ಬೇರು ತನ್ನ ಸ್ಥಾನದಲ್ಲೇ ಇರುವುದು. ಹೀಗೆ ನಿತ್ಯ ಬೀಳುವ ಕೂದಲನ್ನೇ ನಂಬಿ ಬದುಕುವವರೂ ಇದ್ದಾರೆ. ಬೀದಿಯ ವ್ಯಾಪಾರಿಗಳು ಪಾತ್ರೆಯನ್ನೋ ಹಣವನ್ನೋ ಕೊಟ್ಟು ಒಯ್ದ ಉಂಡೆಗಳನ್ನು ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಎಳೆಎಳೆಯಾಗಿ ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕಸುಬು ನಡೆಯುತ್ತಿದೆ.

ಆರೋಗ್ಯವಂತರ ತಲೆಯು ಮಾವಿನ ಮರದಂತೆ. ಎಲೆ ಬೀಳುತ್ತಲೇ ಇರುವುದು, ಮರ ಮಾತ್ರ ಬೋಳಾಗದು. ಆದರೆ ಸಂಡೂರಿನ ಗುಡ್ಡಗಳ ಕಾಡು ಬೇಸಗೆಯಲ್ಲಿ ಒಟ್ಟಿಗೆ ಎಲೆಯುದುರಿಸುವಂತೆ, ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಅನೇಕ ಬೇರುಗಳು ಒಮ್ಮೆಗೇ ವಿಶ್ರಾಂತಿಗೆ ಸರಿಯುವುವು. ಕಡು ಜ್ವರ, ಶಸ್ತ್ರಚಿಕಿತ್ಸೆ, ಉಪವಾಸ, ಮನೆಯಲ್ಲಿ ಸಾವಿನ ದುಃಖ, ಇವೆಲ್ಲ ಅಂಥ ಪೆಟ್ಟುಗಳೇ. ಕೂದಲು ಆಗಲೇ ಬೀಳದು. ಎರಡು ಮೂರು ತಿಂಗಳ ಮೇಲೆ ಹಿಡಿಹಿಡಿಯಾಗಿ ಬೀಳುವುದು. 1961ರಲ್ಲಿ ಕ್ಲಿಗ್‌ಮನ್ ಎಂಬ ವೈದ್ಯನು ಈ ಸ್ಥಿತಿಯನ್ನು ವಿವರಿಸಿದನು. 2020 ಮತ್ತು 2021ರಲ್ಲಿ ಕೋವಿಡ್ ಜ್ವರದಿಂದ ಎದ್ದ ಅನೇಕರು ಇದನ್ನು ಸ್ವತಃ ಕಂಡರು.

ಬಾಣಂತಿಯ ವಿಷಯವೂ ಹೀಗೆಯೇ. ಗರ್ಭಕಾಲದಲ್ಲಿ ಹೆಚ್ಚಿನ ಕೂದಲು ಬೆಳೆಯುವ ಅವಸ್ಥೆಯಲ್ಲೇ ನಿಂತಿರುವುದು. ಹೆರಿಗೆಯ ತರುವಾಯ ಅವು ಜೊತೆಯಾಗಿ ವಿಶ್ರಾಂತಿಗೆ ಹೋಗಿ, ಮೂರು ನಾಲ್ಕನೆಯ ತಿಂಗಳಲ್ಲಿ ಉದುರುವುವು. ಸುಮಾರು ಒಂದು ವರ್ಷದೊಳಗೆ ತಲೆ ಮತ್ತೆ ತುಂಬುವುದು. ಇದು ಆಕೆಯ ತಪ್ಪೂ ಅಲ್ಲ, ಕೂಸಿನ ದೋಷವೂ ಅಲ್ಲ. ಆದರೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಬೇಳೆಗಳನ್ನು ಬಿಡಿಸಿ ಆಕೆಯನ್ನು ಸೊರಗಿಸಿದರೆ ಅದು ನಮ್ಮ ತಪ್ಪಾಗುವುದು. ರಕ್ತದಲ್ಲಿ ಕಬ್ಬಿಣಾಂಶವು ಕುಂದಿದರೂ ಕೂದಲು ಉದುರಬಹುದು. ಊರ ಬೆಟ್ಟದ ತುಂಬ ಕಬ್ಬಿಣವಿದ್ದರೂ ಮನೆಯ ಹೆಣ್ಣುಮಕ್ಕಳ ರಕ್ತಕ್ಕೆ ಅದು ಬರಬೇಕಾದುದು ಊಟದ ಎಲೆಯಿಂದಲೇ.

ಇನ್ನು ಧೂಳು, ನೀರುಗಳ ಮಾತು. ಅವು ಹೊರಗಿನ ಕೂದಲನ್ನು ಒರಟಾಗಿಸಿ ತುಂಡಾಗಿಸಬಹುದು. ಚರ್ಮದೊಳಗಿನ ಬೇರಿನ ಕಾಲಕ್ರಮವನ್ನು ಅವು ಸುಲಭವಾಗಿ ಕದಲಿಸಲಾರವು. ಬೋಳಿಸಿದರೆ ದಟ್ಟವಾಗಿ ಬೆಳೆಯುವುದೆಂಬ ನಂಬಿಕೆಯೂ ನಿಲ್ಲದು. ಮಿಲ್ಡ್ರೆಡ್ ಟ್ರಾಟರ್ ಎಂಬಾಕೆಯು 1928ರಲ್ಲೇ ಇದನ್ನು ಪರೀಕ್ಷಿಸಿ, ಕ್ಷೌರದಿಂದ ಬೆಳವಣಿಗೆ ಬದಲಾಗದೆಂದು ತೋರಿಸಿದಳು. ಮಗುವಿನ ಜವಳವನ್ನು ಶಾಸ್ತ್ರಕ್ಕಾಗಿ ತೆಗೆಸಬಹುದು, ದಟ್ಟ ಕೂದಲಿನ ಆಸೆಯಿಂದ ಬೇಡ.

ಕೂದಲಿನ ಈ ಕ್ರಮವನ್ನು ತಿಳಿಯದಿದ್ದುದರಿಂದ ನಮ್ಮ ಸೀಮೆಯಲ್ಲಿ ಘೋರ ಅನ್ಯಾಯವೂ ನಡೆದಿದೆ. ಉದುರಿದ ಕೂದಲನ್ನು ಬಾಚಿ ತೆಗೆಯದಿದ್ದರೆ ಅದು ನೆಲಕ್ಕೆ ಬೀಳದೆ, ಬೆಳೆಯುವ ಕೂದಲಿಗೆ ಸುತ್ತಿಕೊಂಡು, ಬೆವರು ಧೂಳುಗಳೊಡನೆ ಗಂಟಾಗಿ ಜಟೆಯಾಗುವುದು. ಬಳ್ಳಾರಿ, ಕೊಪ್ಪಳ ಮೊದಲಾದ ಕಡೆಗಳಲ್ಲಿ ಹುಡುಗಿಯ ತಲೆಯಲ್ಲಿ ಜಟೆ ಕಂಡರೆ ಎಲ್ಲಮ್ಮನೇ ಕರೆದಳೆಂದು ಭಾವಿಸಿ, ಬಡವರ ಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದುಂಟು. ಕರ್ನಾಟಕದ 1982ರ ಕಾಯಿದೆಯು ಈ ಸಮರ್ಪಣೆಯನ್ನು ನಿಷೇಧಿಸಿದೆ. ಜಟೆಯನ್ನು ಎಣ್ಣೆ ಹಚ್ಚಿ ಬಿಡಿಸಬಹುದು, ಬಿಡದಿದ್ದರೆ ಕತ್ತರಿಸಬಹುದು. ಬೇರಿಗೆ ಕುಂದಿಲ್ಲ, ದೇವಿಯ ಭಕ್ತಿಗೂ ಕುಂದಿಲ್ಲ.

ಎಲ್ಲ ಉದುರುವಿಕೆಯೂ ತಾನಾಗಿ ನಿಲ್ಲುವುದೆಂದು ನಾವು ಹೇಳುವುದಿಲ್ಲ. ಗಂಡಸರ ಬೋಳುತಲೆಗೆ ಪುರುಷ ಹಾರ್ಮೋನಿನ ಸಂಬಂಧವಿರುವುದನ್ನು 1942ರಲ್ಲಿ ಹ್ಯಾಮಿಲ್ಟನ್ ತೋರಿಸಿದನು. ಅಲ್ಲಿ ಬೆಳೆಯುವ ಕಾಲವು ಸರತಿಯಿಂದ ಸರತಿಗೆ ಮೊಟಕಾಗಿ, ಕೂದಲು ನವಿರಾಗುತ್ತ ಹೋಗುವುದು. ನಾಣ್ಯದಷ್ಟಗಲ ಬೋಳಾಗುವುದು, ತಲೆಯಲ್ಲಿ ಹುಣ್ಣು ತುರಿಕೆಗಳಾಗುವುದು, ಬಿಗಿದು ಹೆಣೆದ ಜಡೆಯಿಂದ ಹಣೆಯಂಚು ಹಿಂಜರಿಯುವುದು, ಬೈತಲೆ ಅಗಲವಾಗುತ್ತ ಹೋಗುವುದು, ಉದುರುವಿಕೆ ಆರು ತಿಂಗಳಾದರೂ ತಗ್ಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಚರ್ಮವೈದ್ಯರಿಗೆ ತೋರಿಸತಕ್ಕದ್ದು.

ಉಳಿದವರು ಹೊಸ ಎಣ್ಣೆಯ ಸೀಸೆಗೆ ಹಣ ತೆರುವ ಮುನ್ನ, ಮೂರು ತಿಂಗಳ ಹಿಂದೆ ಮನೆಯಲ್ಲಿ ಏನು ನಡೆಯಿತೆಂದು ಒಮ್ಮೆ ನೆನಪಿಸಿಕೊಳ್ಳಲಿ. ಜ್ವರವೋ ಹೆರಿಗೆಯೋ ನೆನಪಿಗೆ ಬಂದರೆ, ಒಳ್ಳೆಯ ಊಟ, ನಿದ್ರೆ ಮತ್ತು ಕೆಲವು ತಿಂಗಳ ತಾಳ್ಮೆಯೇ ಅದಕ್ಕೆ ತಕ್ಕ ಉಪಚಾರ.