ಇರುವ ಬುತ್ತಿಯನ್ನು ಎಣಿಸೋಣ



ಪ್ರಭುಕ್ರಿಸ್ತರ ಪರಮ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದಂದು ಸಂತ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಧ್ಯಾನಿಸೋಣ. ಹಸಿದ ಜನರನ್ನು ಕಳುಹಿಸಿಬಿಡುವುದು ಶಿಷ್ಯರ ಯೋಚನೆಯಾಗಿತ್ತು. ಯೇಸು ಒಪ್ಪಲಿಲ್ಲ. ಇರುವ ರೊಟ್ಟಿಗಳನ್ನು ಮೊದಲು ನೋಡಿಬರಲು ಹೇಳಿದರು. ಜನರನ್ನು ಗುಂಪುಗುಂಪಾಗಿ ಕೂರಿಸಿ, ಶಿಷ್ಯರ ಕೈಯಿಂದಲೇ ಹಂಚಿಸಿದರು. ಮಿಕ್ಕ ಚೂರುಗಳೂ ಹನ್ನೆರಡು ಬುಟ್ಟಿಗಳನ್ನು ಸೇರಿದವು. ಸಮುದಾಯದ ಏಳಿಗೆಗೆ ಬೇಕಾದ ಪಾಠ ಇಲ್ಲಿಯೇ ಇದೆ.

ನಮ್ಮ ಹಿರಿಯರು ಈ ಪಾಠವನ್ನು ಬಲ್ಲವರು. 1876-78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳಿಗೆ ಗಂಜಿಯಿತ್ತು ಸುಮ್ಮನಾಗದೆ, ನೆರೆಯ ನೆಲಮಂಗಲ ಸೀಮೆಯ ಸಿಲುವೆಪುರದಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಅದಕ್ಕೂ ಮೊದಲೇ ಗುಬ್ಬಿಯಲ್ಲಿ ನೆಲೆನಿಂತಿದ್ದ ವೆಸ್ಲಿಯನ್ ಮಿಷನಿನ ಸಹೋದರರು ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯ ನಡೆಸಿದರು.

ನಾನು ಮೊದಮೊದಲು ಹಬ್ಬಕ್ಕೆ ಅಕ್ಕಿ, ಸೀರೆ ಹಂಚಿ ತೃಪ್ತನಾಗುತ್ತಿದ್ದೆ. ಕುಣಿಗಲ್ ಕಡೆಯ ತಾಯಿಯೊಬ್ಬರು ಒಮ್ಮೆ, “ಸ್ವಾಮಿ, ನೀವು ಕೊಟ್ಟ ಅಕ್ಕಿ ಹದಿನೈದು ದಿನಕ್ಕೆ ಮುಗೀತು, ಬಡ್ಡಿ ಮಾತ್ರ ಮುಗೀಲಿಲ್ಲ” ಎಂದರು. ಆ ಮಾತು ನನ್ನ ಕಣ್ಣು ತೆರೆಸಿತು. ಅವರಿಗೆ ಬೇಕಾದದ್ದು ಬಡ್ಡಿಯಿಂದ ಬಿಡುಗಡೆ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸಲು ಆರಂಭಿಸಿತು. ಹತ್ತಿಪ್ಪತ್ತು ಮಂದಿ ತಾಯಂದಿರು ವಾರವಾರ ಕೂಡಿಟ್ಟ ಹಣದಿಂದ ತಮ್ಮೊಳಗೇ ಸಾಲ ಕೊಡುತ್ತಾರೆ. ಉಳಿತಾಯ, ಮರುಪಾವತಿ, ಲೆಕ್ಕದ ಪುಸ್ತಕ ಸರಿಯಿದ್ದರೆ ಸಂಘಕ್ಕೆ ಅಡಮಾನವಿಲ್ಲದೆಯೇ ಬ್ಯಾಂಕಿನ ಸಾಲ ದೊರೆಯುತ್ತದೆ. ಒಬ್ಬರು ಹಸು ಕಟ್ಟುತ್ತಾರೆ, ಇನ್ನೊಬ್ಬರು ಹೊಲಿಗೆ ಯಂತ್ರ ಕೊಳ್ಳುತ್ತಾರೆ. ಇರುವುದನ್ನು ಎಣಿಸುವುದು, ಗುಂಪಾಗಿ ಕೂರುವುದು, ಚೂರನ್ನೂ ಪೋಲು ಮಾಡದಿರುವುದು ಎಂದರೆ ಇದೇ ಅಲ್ಲವೇ?

ಒಂದು ಎಚ್ಚರಿಕೆ. ಅಂದು ಹುಲ್ಲಿನ ಮೇಲೆ ಕುಳಿತ ಯಾರನ್ನೂ ಯೇಸು ‘ನೀನು ಯಾರ ಕಡೆಯವನು?’ ಎಂದು ವಿಚಾರಿಸಲಿಲ್ಲ. ಪ್ರೀತಿಯ ಸೇವೆಯನ್ನು ಮತಾಂತರದ ಸಾಧನವಾಗಿಸಬಾರದೆಂದು ಜಗದ್ಗುರು 16ನೇ ಬೆನೆದಿಕ್ತರು 2005ರ ತಮ್ಮ ‘ದೇವರು ಪ್ರೀತಿಸ್ವರೂಪಿ’ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ಷರತ್ತು ಹಾಕಿದ ರೊಟ್ಟಿ ಪ್ರಭುವಿನ ರೊಟ್ಟಿಯಲ್ಲ. ಆದ್ದರಿಂದ ನಮ್ಮ ಸಂಘಗಳ ಚಾಪೆಯ ಮೇಲೆ ನೆರೆಮನೆಯ ಎಲ್ಲ ಧರ್ಮದವರಿಗೂ ಜಾಗವಿರಲಿ.

ಪ್ರಿಯರೇ, ಪರಮಪ್ರಸಾದ ಸ್ವೀಕರಿಸಿದ ಕೈಗಳು ಮನೆಗೆ ಬರಿದೇ ಹಿಂದಿರುಗದಿರಲಿ. ಈ ವಾರವೇ ನಿಮ್ಮ ಬೀದಿಯ ನಾಲ್ಕು ಮನೆಯವರು ಕೂಡಿ ಕುಳಿತುಕೊಳ್ಳಿ. ಯಾರ ಮನೆಯಲ್ಲಿ ಸಾಲದ ಹೊರೆಯಿದೆ, ಯಾರ ಕೈಯಲ್ಲಿ ಯಾವ ಕಸುಬಿದೆ ಎಂದು ಕೇಳಿ ತಿಳಿಯಿರಿ. ಐದೇ ರೊಟ್ಟಿ ಸಿಕ್ಕರೂ ಅಂಜಬೇಡಿ. ಅವನ್ನು ಪ್ರಭುವಿನ ಕೈಗಿಡಿ. ಅವರು ನಿಮ್ಮೆಲ್ಲರನ್ನೂ ಹರಸಲಿ.