ಮಳೆಯ ಅಂಕಿಗಳನ್ನು ವಿಂಗಡಿಸುವುದು ಹೇಗೆ?

ಮತ್ತಿಕೆರೆಯ ನಿಮ್ಮ ಮನೆಯ ತಾರಸಿಯಲ್ಲಿ ಒಂದು ಮಳೆಮಾಪಕವಿದೆ ಎಂದಿಟ್ಟುಕೊಳ್ಳಿ. ದಿನವೂ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಅಳೆದು ಬರೆದಿಡುತ್ತೀರಿ. ವರ್ಷದ ಕೊನೆಗೆ ನಿಮ್ಮ ಬಳಿ 365 ಸಂಖ್ಯೆಗಳಿರುತ್ತವೆ. ‘ಈ ವರ್ಷ ಎಷ್ಟು ದಿನ ಭಾರೀ ಮಳೆಯಾಯಿತು?’ ಎಂಬ ಪ್ರಶ್ನೆಗೆ ಆ ಪಟ್ಟಿ ನೇರ ಉತ್ತರ ಕೊಡದು. ಮೊದಲು ಸಂಖ್ಯೆಗಳನ್ನು ವರ್ಗಗಳಾಗಿ ವಿಂಗಡಿಸಬೇಕು.

ಭಾರತ ಹವಾಮಾನ ಇಲಾಖೆ ದಿನದ ಮಳೆಯನ್ನು ಹೀಗೆ ವಿಂಗಡಿಸುತ್ತದೆ: 0.1ರಿಂದ 2.4 ಮಿ.ಮೀ. ಅತಿ ಹಗುರ, 2.5ರಿಂದ 15.5 ಹಗುರ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರೀ, 115.6ರಿಂದ 204.4 ಅತಿ ಭಾರೀ, 204.5 ಮತ್ತು ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರೀ. ಬೆಂಗಳೂರಿನಲ್ಲಿ 2024ರ ಜೂನ್ 2ರಂದು ಸುರಿದ 111.1 ಮಿ.ಮೀ. ‘ಭಾರೀ’ ವರ್ಗಕ್ಕೆ ಸೇರುತ್ತದೆ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ದಾಖಲಾದ 131.6 ಮಿ.ಮೀ. ‘ಅತಿ ಭಾರೀ’ ಆಗುತ್ತದೆ.

ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ ‘ಆರ್’ ಎಂಬ ಉಚಿತ ಸಂಖ್ಯಾಶಾಸ್ತ್ರೀಯ ಭಾಷೆಯಲ್ಲಿ ಇದಕ್ಕೆಂದೇ ‘ಕಟ್’ ಎಂಬ ಫಂಕ್ಷನ್ ಇದೆ. ಅದಕ್ಕೆ ಸಂಖ್ಯೆಗಳ ಪಟ್ಟಿ, ಗಡಿಗಳು ಮತ್ತು ವರ್ಗಗಳ ಹೆಸರುಗಳನ್ನು ಕೊಡಬೇಕು. ಗಡಿಗಳ ಸಂಖ್ಯೆ ವರ್ಗಗಳಿಗಿಂತ ಒಂದು ಹೆಚ್ಚಿರಬೇಕು. ‘ಮಳೆಯಿಲ್ಲ’ ಎಂಬುದನ್ನೂ ಸೇರಿಸಿದರೆ ನಮ್ಮ ವರ್ಗಗಳು ಏಳು; ಗಡಿಗಳು ಎಂಟು: 0, 0.1, 2.5, 15.6, 64.5, 115.6, 204.5 ಮತ್ತು ಅನಂತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಡಿಯ ಮೇಲೆಯೇ ನಿಂತ ಸಂಖ್ಯೆ ಯಾವ ವರ್ಗಕ್ಕೆ ಸೇರಬೇಕು? ನೀವು ಏನೂ ಹೇಳದಿದ್ದರೆ ‘ಕಟ್’ ಅದನ್ನು ಕೆಳಗಿನ ವರ್ಗಕ್ಕೆ ಸೇರಿಸುತ್ತದೆ. ಆಗ 64.5 ಮಿ.ಮೀ. ಮಳೆ ‘ಭಾರೀ’ ಆಗುವ ಬದಲು ‘ಸಾಧಾರಣ’ವಾಗುತ್ತದೆ. 0.1 ಮಿ.ಮೀ. ಬಿದ್ದ ದಿನ ‘ಮಳೆಯಿಲ್ಲ’ದ ದಿನವಾಗುತ್ತದೆ. ಸೊನ್ನೆಗೆ ಕೆಳಗೆ ವರ್ಗವೇ ಇಲ್ಲವಾದ್ದರಿಂದ ಒಣ ದಿನಗಳೆಲ್ಲ ‘ಮಾಹಿತಿ ಇಲ್ಲ’ ಎಂದು ಪಟ್ಟಿಯಿಂದ ಜಾರಿಹೋಗುತ್ತವೆ! ಕಂಪ್ಯೂಟರ್ ಇದನ್ನು ತಪ್ಪೆಂದು ತೋರಿಸುವುದಿಲ್ಲ. ‘ರೈಟ್ = ಫಾಲ್ಸ್’ ಎಂದು ಸೂಚಿಸಿದರೆ ಗಡಿಯ ಸಂಖ್ಯೆ ಮೇಲಿನ ವರ್ಗಕ್ಕೆ ಸೇರಿ ಮೂರೂ ದೋಷಗಳು ನಿವಾರಣೆಯಾಗುತ್ತವೆ.

ಗಡಿಗಳನ್ನು ಕೊಡದೆ ‘ಐದು ಭಾಗ ಮಾಡು’ ಎಂದಷ್ಟೇ ಹೇಳಲೂಬಹುದು. ಆಗ ಆರ್ ಸಮಾನ ಅಗಲದ ಭಾಗಗಳನ್ನು ಮಾಡುತ್ತದೆ. ವರ್ಷದ ಗರಿಷ್ಠ ಮಳೆ 131.6 ಆಗಿದ್ದರೆ ಪ್ರತಿ ಭಾಗ ಸುಮಾರು 26 ಮಿ.ಮೀ. ಹನಿಯೂ ಬೀಳದ ದಿನ ಮತ್ತು 25 ಮಿ.ಮೀ. ಸುರಿದ ದಿನ ಎರಡೂ ಒಂದೇ ಗುಂಪಿಗೆ ಸೇರುತ್ತವೆ. ಇಂಥ ವಿಂಗಡಣೆಯಿಂದ ಪ್ರಯೋಜನವೇನು?

ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ರಾಜ್ಯದ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ ಅಂಕಿಗಳು ಬರುತ್ತವೆ. ಅಷ್ಟು ದೊಡ್ಡ ದತ್ತಾಂಶವನ್ನು ವಿಂಗಡಿಸುವಾಗ ಗಡಿಯ ಒಂದು ಸಣ್ಣ ತಪ್ಪು ಎಷ್ಟೋ ಊರುಗಳ ಲೆಕ್ಕವನ್ನು ಏರುಪೇರು ಮಾಡಬಲ್ಲದು.

ವಿಂಗಡಿಸಿದ ಮೇಲೆ ಎಲ್ಲ ವರ್ಗಗಳ ದಿನಗಳನ್ನು ಕೂಡಿ ನೋಡಿ; ಮೊತ್ತ 365 ಬರಬೇಕು. ಅಳೆಯಲು ಮರೆತ ದಿನವನ್ನು ಸೊನ್ನೆ ಎಂದು ಬರೆಯಬೇಡಿ, ಖಾಲಿ ಬಿಟ್ಟು ಬೇರೆಯಾಗಿ ಎಣಿಸಿ. ಮೂಲ ಅಂಕಿಗಳನ್ನು ಎಂದೂ ಅಳಿಸಬೇಡಿ. 115.5 ಮತ್ತು 115.6ರ ನಡುವಿನ ಅಂತರ ಕೂದಲೆಳೆಯಷ್ಟು; ಆದರೂ ಅವುಗಳ ವರ್ಗ ಬೇರೆ. 115.6 ಮತ್ತು 204.4ರ ನಡುವೆ ಅಜಗಜಾಂತರ. ಆದರೂ ಅವುಗಳ ವರ್ಗ ಒಂದೇ. ಈ ವ್ಯತ್ಯಾಸ ತಿಳಿಯಬೇಕಾದರೆ ಮೂಲ ಅಂಕಿಗಳೇ ಬೇಕು.