ಮಣ್ಣಿನ ಮೊಳೆಯ ಹಿಡಿತ: ಆಳವಾದ ಅಗೆತಕ್ಕೆ ಅನುಮತಿ ನೀಡುವ ಮುನ್ನ ತಿಳಿಯಬೇಕಾದ ಅಂಶಗಳು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಅಲ್ಲಿ ನೆಲಮಾಳಿಗೆಗಾಗಿ ಆಳವಾಗಿ ಅಗೆದಾಗ ನೆರೆಮನೆಯ ಪಾಯವೂ ಗುಂಡಿಯೊಳಗಿನ ಕಾರ್ಮಿಕರ ಪ್ರಾಣವೂ ಕಡಿದ ಮಣ್ಣಿನ ಗೋಡೆಯನ್ನೇ ಅವಲಂಬಿಸಿರುತ್ತವೆ. ನಗರದಂಚಿನ ಗ್ರಾಮ ಪಂಚಾಯಿತಿಗಳಲ್ಲಿಯೂ ಈಗ ಇಂತಹ ಕಟ್ಟಡಗಳು ಏಳುತ್ತಿವೆ. ಈ ಗೋಡೆಯನ್ನು ಭದ್ರಪಡಿಸುವ ವಿಧಾನಗಳಲ್ಲಿ ಮಣ್ಣಿಗೆ ಮೊಳೆ ಹಾಕುವುದು, ಅಂದರೆ ಸಾಯಿಲ್ ನೇಲಿಂಗ್, ಪ್ರಮುಖವಾದುದು.

ಮೇಲಿನಿಂದ ಹಂತಹಂತವಾಗಿ ಅಗೆಯುತ್ತಾ, ತುಸು ಕೆಳಮುಖವಾಗಿ ರಂಧ್ರ ಕೊರೆದು, ಉಕ್ಕಿನ ಸರಳನ್ನಿರಿಸಿ ಸಿಮೆಂಟ್ ಗ್ರೌಟ್ ತುಂಬಲಾಗುತ್ತದೆ. ಮಣ್ಣು ಜಾರಲು ತೊಡಗಿದಾಗ, ಜಾರುವ ಭಾಗದ ಆಚೆ ಸ್ಥಿರ ಮಣ್ಣಿನಲ್ಲಿ ಹುದುಗಿರುವ ಮೊಳೆಯ ಉದ್ದವೇ ಅದನ್ನು ತಡೆಯುತ್ತದೆ. 100 ಮಿ.ಮೀ. ವ್ಯಾಸದ ರಂಧ್ರದಲ್ಲಿ ಈ ಉದ್ದ 3 ಮೀಟರ್ ಇದ್ದು, ಪ್ರತಿ ಚದರ ಮೀಟರಿಗೆ 10 ಟನ್ ಹಿಡಿತವಿದೆಯೆಂದು ಭಾವಿಸಿದರೆ, ಮೊಳೆ ಸುಮಾರು 9.4 ಟನ್ ಎಳೆತವನ್ನು ತಾಳುತ್ತದೆ. ಹಿಡಿತ ಅರ್ಧಕ್ಕಿಳಿದರೆ 4.7 ಟನ್ ಮಾತ್ರ. 20 ಮಿ.ಮೀ. ಸರಳು ಸುಮಾರು 16 ಟನ್ ತಾಳಬಲ್ಲದಾದರೂ ಪ್ರಯೋಜನವಿಲ್ಲ. ಸರಳು ತುಂಡಾಗುವ ಮೊದಲೇ ಮೊಳೆ ಕಿತ್ತು ಬರುತ್ತದೆ.

ಹಿಡಿತವನ್ನು ನಿರ್ಧರಿಸುವ ಅಂಶಗಳು ಇವು:

1. ಮಣ್ಣಿನ ಗುಣ: ಲಾಲ್‌ಬಾಗಿನ ಬಂಡೆ, ಅಂತಹ ಶಿಲೆ ಶಿಥಿಲಗೊಂಡು ಆದ ಕೆಂಪು ಮಣ್ಣು, ಧರ್ಮಾಂಬುಧಿ ಕೆರೆಯಿದ್ದ ಇಂದಿನ ಕೆಂಪೇಗೌಡ ಬಸ್ ನಿಲ್ದಾಣದ ನೆಲ, ಇವೆಲ್ಲ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ತುಂಬಿದ ಸಡಿಲ ಮಣ್ಣಿನಲ್ಲಿ ಹಿಡಿತ ಕಡಿಮೆ.

2. ನೀರು: ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಕೆಂಪು ಮಣ್ಣು ನೆನೆದಾಗ ಬಲಗುಂದುತ್ತದೆ. ಮಳೆನೀರಿನಂತೆಯೇ ಸೋರುವ ಒಳಚರಂಡಿಯೂ ಅಪಾಯಕಾರಿ.

3. ಕೆಲಸದ ಗುಣಮಟ್ಟ: ರಂಧ್ರದಲ್ಲಿ ಸಡಿಲ ಮಣ್ಣು ಉಳಿದರೆ ಗ್ರೌಟ್ ಅಂಟುವುದಿಲ್ಲ. 50 ಕಿ.ಗ್ರಾಂ. ಸಿಮೆಂಟ್ ಚೀಲಕ್ಕೆ ಸಾಮಾನ್ಯವಾಗಿ 20ರಿಂದ 25 ಲೀಟರ್ ನೀರು ಸಾಕು. ಹೆಚ್ಚಾದರೆ ಗ್ರೌಟ್ ಕುಗ್ಗುತ್ತದೆ. ರಂಧ್ರದ ತಳದಿಂದ ಮೇಲಕ್ಕೆ ತುಂಬದಿದ್ದಲ್ಲಿ ಒಳಗೆ ಪೊಳ್ಳು ಉಳಿಯುತ್ತದೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ಆಳವಾದ ಅಗೆತವಿರುವ ಅರ್ಜಿ ಬಂದಾಗ ಸದಸ್ಯರು ಮಣ್ಣು ಪರೀಕ್ಷೆಯ ವರದಿ, ಅರ್ಹ ಎಂಜಿನಿಯರರ ವಿನ್ಯಾಸ ಹಾಗೂ ನೀರು ಹೊರಹೋಗುವ ವ್ಯವಸ್ಥೆಯ ವಿವರ ಕೇಳುವುದು ಸೂಕ್ತ. ಕೆಲಸ ಆರಂಭವಾದ ಬಳಿಕ ಅದೇ ಸ್ಥಳದಲ್ಲಿ ಪರೀಕ್ಷಾರ್ಥ ಮೊಳೆಗಳನ್ನು ಎಳೆದು ನೋಡಿದ ವರದಿಯನ್ನೂ ಕೇಳಬೇಕು. ಸರಳಿನ ಬಿಲ್ಲು ಖರೀದಿಯನ್ನಷ್ಟೇ ತೋರಿಸುತ್ತದೆ. ಮೊಳೆಯ ಹಿಡಿತವನ್ನು ತೋರಿಸುವುದು ಈ ಎಳೆತದ ಪರೀಕ್ಷೆ.